ರಕ್ತ ತೂಗುವ ತಕ್ಕಡಿ

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ತಕ್ಕಡಿಯ ವಿಷಯ ನಿಮಗೆ ನಾವು ಕಲಿಸಬೇಕಾದುದಿಲ್ಲ. ಅಂಗಡಿಯವರು ದಿನವೆಲ್ಲ ಅದನ್ನು ಹಿಡಿದವರು, ಗಿರಣಿಯವರು ಅದರ ಮುಳ್ಳಿನ ಮೇಲೆ ಕಣ್ಣಿಟ್ಟು ಸಾಮಾನು ಕೊಂಡವರು. ಇಂದಿನ ನಮ್ಮ ವಿಷಯ ರಕ್ತದೊಳಗಿನ ಅಣುಗಳನ್ನು ತೂಗುವ ತಕ್ಕಡಿ. ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಅದರ ಹೆಸರು. ಅಣುವಿಗೆ ವಿದ್ಯುದಂಶ ಕೊಟ್ಟು, ನಿರ್ವಾತದಲ್ಲಿ ಓಡಿಸಿ, ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ಅದು ಎಣಿಸುತ್ತದೆ. ಇದರ ಮೊದಮೊದಲ ರೂಪವೊಂದನ್ನು 1919ರಲ್ಲಿ ಕೇಂಬ್ರಿಜ್‌ನಲ್ಲಿ ಕಟ್ಟಿದ ಆಸ್ಟನ್ನನಿಗೆ 1922ರಲ್ಲಿ ನೊಬೆಲ್ ಬಹುಮಾನ ಬಂತು.

ಇದರಿಂದ ದುಡಿಯುವವನಿಗೇನು ಎಂದು ಕೇಳಬಹುದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವನೊಬ್ಬನನ್ನು ನೆನೆಯಿರಿ. ಟ್ಯಾಕ್ರೊಲಿಮಸ್ ಎಂಬ ಗುಳಿಗೆ ಅವನ ಜೀವದ ದಾರ. ರಕ್ತದಲ್ಲಿ ಅದು ಕಡಮೆಯಾದರೆ ದೇಹ ಹೊಸ ಮೂತ್ರಪಿಂಡವನ್ನು ಹೊರದೂಡುತ್ತದೆ. ಹೆಚ್ಚಾದರೆ ಆ ಗುಳಿಗೆಯೇ ಮೂತ್ರಪಿಂಡವನ್ನು ಕೆಡಿಸುತ್ತದೆ. ಇರಬೇಕಾದುದು ಒಂದು ಮಿಲಿಲೀಟರಿಗೆ ಕೆಲವೇ ನ್ಯಾನೊಗ್ರಾಂ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಗ್ರಾಂ! ಪ್ರತಿಕಾಯಗಳಿಂದ ಮಾಡುವ ಸಾಮಾನ್ಯ ಪರೀಕ್ಷೆ, ದೇಹದಲ್ಲಿ ಮಾರ್ಪಟ್ಟ ಔಷಧವನ್ನೂ ಕೆಲವೊಮ್ಮೆ ಮೂಲ ಔಷಧವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಕಲ್ಲು ಬೆರೆತ ಅಕ್ಕಿಯನ್ನು ಅಕ್ಕಿಯೆಂದೇ ತೂಗಿದ ಹಾಗೆ. ಈ ಯಂತ್ರ ಕಲ್ಲನ್ನು ಬೇರೆ, ಅಕ್ಕಿಯನ್ನು ಬೇರೆ ತೂಗುತ್ತದೆ.

ಇಷ್ಟು ಒಳ್ಳೆಯದಾದರೆ ಎಲ್ಲ ಕಡೆ ಏಕಿಲ್ಲ? ಬೆಲೆಯೊಂದು ಕಾರಣ, ಕೈಕೆಲಸ ಇನ್ನೊಂದು. ರಕ್ತವನ್ನು ಅಳೆದು ಹಾಕಬೇಕು, ರಾಸಾಯನಿಕ ಬೆರೆಸಿ ಪ್ರೋಟೀನನ್ನು ಇಳಿಸಬೇಕು, ಗಿರ್ರನೆ ತಿರುಗಿಸಿ ಮೇಲಿನ ತಿಳಿಯನ್ನು ತೆಗೆಯಬೇಕು. ಯಂತ್ರದಿಂದ ಬಂದ ಗೆರೆಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಇದನ್ನೆಲ್ಲ ಬಲ್ಲ ಕೈಗಳು ಕಡಮೆ. ಆದ್ದರಿಂದ ಮಾದರಿಗಳನ್ನು ಕೂಡಿಹಾಕಿ, ಒಂದು ತಂಡವಾದ ಮೇಲೆ ಓಡಿಸುವುದು ರೂಢಿ.

ರಕ್ತದ ಸಕ್ಕರೆ, ಯೂರಿಯಾಗಳಂಥ ಪರೀಕ್ಷೆಗಳಿಗೆ ಈ ತೊಡಕು 1957ರಿಂದಲೇ ತೀರತೊಡಗಿತು. ಅಮೆರಿಕದ ಸ್ಕೆಗ್ಸ್ ಎಂಬವನು ಕಲ್ಪಿಸಿದ ಸ್ವಯಂಚಾಲಿತ ಯಂತ್ರ ಆ ವರ್ಷ ಮಾರುಕಟ್ಟೆಗೆ ಬಂತು. ತೂಕದ ಯಂತ್ರದ ಸರದಿ ಬಹಳ ತಡ. ಸ್ವಿಟ್ಜರ್ಲೆಂಡಿನ ರೋಷ್ ಕಂಪನಿ ರೂಪಿಸಿದ ಸಂಪೂರ್ಣ ಸ್ವಯಂಚಾಲಿತ ಯಂತ್ರಕ್ಕೆ 2024ರ ಡಿಸೆಂಬರಿನಲ್ಲಿ ಯೂರೋಪಿನ ಮಾನ್ಯತೆ ದೊರೆಯಿತು. ನಳಿಕೆಯನ್ನು ಇಟ್ಟರೆ ಸಾಕು, ಕಾಂತದ ಮಣಿಗಳು ಬೇಕಾದ ಅಣುವನ್ನು ಹಿಡಿದು ತರುತ್ತವೆ. ಗಂಟೆಗೆ 100 ಪರೀಕ್ಷೆಗಳವರೆಗೆ ಸಾಧ್ಯವೆಂದು ಕಂಪನಿ ಹೇಳುತ್ತದೆ.

ಯಂತ್ರವನ್ನು ನಾವು ದ್ವೇಷಿಸುವವರಲ್ಲ. ರಕ್ತವನ್ನು ಹನಿ ಹನಿಯಾಗಿ ಅಳೆದು ಕಣ್ಣು ಸೋತವನಿಗೆ ವಿಶ್ರಾಂತಿ ಬರಲಿ. ಆದರೆ ಎರಡು ಮಾತು ಕೇಳಲೇಬೇಕು. ಸ್ವಯಂಚಾಲಿತ ಮಗ್ಗ ಬಂದಾಗ ಒಬ್ಬ ನೇಕಾರನ ಪಾಲಿಗೆ ಎಷ್ಟು ಮಗ್ಗ ಬಿದ್ದವೆಂದು ನೀವೇ ಬಲ್ಲಿರಿ. ಪ್ರಯೋಗಾಲಯದ ತಂತ್ರಜ್ಞನ ಗತಿಯೇನು? ಎರಡನೆಯದು ಇನ್ನೂ ತೀಕ್ಷ್ಣ. ಹಿಂದೆ ಅನೇಕ ಪ್ರಯೋಗಾಲಯಗಳು ತಮ್ಮ ವಿಧಾನವನ್ನು ತಾವೇ ಕಟ್ಟಿಕೊಳ್ಳುತ್ತಿದ್ದವು, ರಾಸಾಯನಿಕವನ್ನು ಅಗ್ಗವಾದಲ್ಲಿ ಕೊಳ್ಳುತ್ತಿದ್ದವು. ಹೊಸ ಯಂತ್ರ ತನ್ನ ಕಂಪನಿಯ ಮುಚ್ಚಿದ ಪೊಟ್ಟಣವನ್ನೇ ಬೇಡುತ್ತದೆ. ತಕ್ಕಡಿ ಮಾರಿದವನೇ ಬಟ್ಟನ್ನೂ ಮಾರುವುದೆಂದರೆ ಏನೆಂದು ವ್ಯಾಪಾರಿಗಳು ಕ್ಷಣದಲ್ಲಿ ಗ್ರಹಿಸುವರು. ಸಾರ್ವಜನಿಕ ಆಸ್ಪತ್ರೆಗಳು ಯಂತ್ರ ಕೊಳ್ಳುವ ಮುನ್ನ ಪೊಟ್ಟಣದ ದರವನ್ನು ವರ್ಷಗಳ ಮಟ್ಟಿಗೆ ಬರೆಸಿಕೊಳ್ಳಬೇಕೆಂಬುದು ನಮ್ಮ ಒತ್ತಾಯ.

ಈ ಯಂತ್ರ ಇಲ್ಲದ ಊರಿನ ರೋಗಿ ಮುಂಜಾನೆಯ ಗುಳಿಗೆ ನುಂಗುವ ಮುನ್ನವೇ ರಕ್ತ ಕೊಡಬೇಕು. ಆ ದಿನದ ಪಾಳಿ ಹೋದಂತೆಯೇ. ರಕ್ತ ದೂರದ ನಗರಕ್ಕೆ ಹೋಗಿ, ತಂಡ ತುಂಬುವವರೆಗೆ ಕಾದು, ಅಂಕಿ ಹಿಂದಿರುಗುವವರೆಗೂ ಅವನು ಹಳೆಯ ಪ್ರಮಾಣವನ್ನೇ ಬೆಳಗೂ ಬೈಗೂ ನುಂಗುತ್ತಿರುತ್ತಾನೆ.