ಓಡಿಹೋದವಳಿಗೆ ಹತ್ತು ಡಾಲರ್
(ಸಂತ ಜೋಸೆಫಿನ್ ಬಖಿತಾರ ಸ್ಮರಣೆ, ಫೆಬ್ರವರಿ 8)



ಇಂದು ನಾವು ಸ್ಮರಿಸುವ ಸಂತ ಬಖಿತಾ ಅವರಿಗೆ ತಂದೆತಾಯಿ ಇಟ್ಟ ಹೆಸರು ಕೊನೆಯವರೆಗೂ ನೆನಪಾಗಲಿಲ್ಲ. ಸುಡಾನಿನ ದಾರ್ಫುರ್‌ನಲ್ಲಿ ಅವರನ್ನು ಬಾಲ್ಯದಲ್ಲೇ ಅಪಹರಿಸಿದ ಗುಲಾಮ ವ್ಯಾಪಾರಿಗಳು ಕೊಟ್ಟ ಹೆಸರು ‘ಬಖಿತಾ’. ಅರಬ್ಬಿಯಲ್ಲಿ ಅದೃಷ್ಟವಂತೆ ಎಂದರ್ಥ. ಎಂಥ ಕುಚೋದ್ಯ! ಒಮ್ಮೆ ಇನ್ನೊಬ್ಬ ಹುಡುಗಿಯೊಡನೆ ತಪ್ಪಿಸಿಕೊಂಡು ಓಡಿದರೂ ಮತ್ತೆ ಸಿಕ್ಕಿಬಿದ್ದು ಮಾರಾಟವಾದರು. ಅವರು ಸ್ವತಂತ್ರರೆಂದು ಇಟಲಿಯ ವೆನಿಸ್ ನಗರದ ನ್ಯಾಯಾಲಯ ತೀರ್ಪಿತ್ತದ್ದು 1889ರಲ್ಲಿ.

ಹೀಗೆ ಓಡಿದವರನ್ನು ಹಿಡಿಯಲು ಅಮೆರಿಕದಲ್ಲಿ ಪತ್ರಿಕೆಗಳಿಗೆ ಪ್ರಕಟಣೆ ಕೊಡುತ್ತಿದ್ದರು. ನಮ್ಮ ಪತ್ರಿಕೆಗಳಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರುವುದಿಲ್ಲವೇ, ಎತ್ತರ, ಮೈಬಣ್ಣ, ತೊಟ್ಟ ಬಟ್ಟೆ? ರೂಪ ಅದೇ. ಆದರೆ ಅಲ್ಲಿ ಹುಡುಕುತ್ತಿದ್ದವಳು ಅಳುತ್ತಿರುವ ತಾಯಿಯಲ್ಲ, ಯಜಮಾನ. 1769ರಲ್ಲಿ ಥಾಮಸ್ ಜೆಫರ್ಸನ್ ಸ್ಯಾಂಡಿ ಎಂಬ ಚಮ್ಮಾರನಿಗಾಗಿ ಇಂಥದ್ದೊಂದನ್ನು ಕೊಟ್ಟರು. ಎಡಗೈಯವನು, ಕುದುರೆಯೊಂದನ್ನೂ ಒಯ್ದಿದ್ದಾನೆ ಎಂಬ ವಿವರ ಅದರಲ್ಲಿತ್ತು. ಏಳು ವರ್ಷದ ನಂತರ ಮಾನವರೆಲ್ಲ ಸಮಾನರೆಂದು ಬರೆದ ಕೈಯೂ ಅವರದೇ. 1804ರಲ್ಲಿ ಆಂಡ್ರ್ಯೂ ಜಾಕ್ಸನ್ ಕೊಟ್ಟ ಪ್ರಕಟಣೆ ಓದಿದರೆ ಮೈ ನಡುಗುತ್ತದೆ: ಹಿಡಿದವರಿಗೆ 50 ಡಾಲರ್, ಹೊಡೆದ ಪ್ರತಿ ನೂರು ಛಡಿಯೇಟಿಗೆ 10 ಡಾಲರ್ ಹೆಚ್ಚುವರಿ, ಮುನ್ನೂರು ಏಟುಗಳವರೆಗೆ. ಅವರು ಮುಂದೆ ರಾಷ್ಟ್ರಾಧ್ಯಕ್ಷರಾದರು.

ಓನಾ ಜಡ್ಜ್ ಎಂಬಾಕೆ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನೆಯ ದಾಸಿ. ತನ್ನನ್ನು ಯಜಮಾನಿಯ ಮೊಮ್ಮಗಳಿಗೆ ಕೊಡುತ್ತಾರೆಂದು ತಿಳಿದು, 1796ರ ಮೇ 21ರಂದು ಮನೆಯವರು ಊಟಕ್ಕೆ ಕುಳಿತಿದ್ದಾಗ ಫಿಲಡೆಲ್ಫಿಯಾದ ಆ ಮನೆಯಿಂದ ಹೊರಟುಬಿಟ್ಟಳು. ಮೂರೇ ದಿನದಲ್ಲಿ ಪ್ರಕಟಣೆ ಬಂತು: ಮುಖದ ತುಂಬ ಮಚ್ಚೆ, ಕಪ್ಪು ಕಣ್ಣು, ಪೊದೆಗೂದಲು, ಸುಮಾರು ಇಪ್ಪತ್ತರ ಪ್ರಾಯ, ಬಹುಮಾನ 10 ಡಾಲರ್. ಓಡಿಹೋಗಲು ಆಕೆಗೆ ಕಾರಣವೇ ಇರಲಿಲ್ಲವೆಂದೂ ಸೇರಿಸಿದ್ದರು! ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಡತನದಲ್ಲಿ ಬಾಳಿದ ಆಕೆ ತನ್ನ ಮೂವರು ಮಕ್ಕಳನ್ನೂ ಕಳೆದುಕೊಂಡು 1848ರಲ್ಲಿ ತೀರಿಕೊಂಡಳು. ಕಾನೂನಿನ ಕಣ್ಣಿಗೆ ಆಗಲೂ ಆಕೆ ದಾಸಿಯೇ. ಬಿಟ್ಟುಬಂದದ್ದಕ್ಕೆ ವ್ಯಥೆಯಿದೆಯೇ ಎಂದು ಮುಪ್ಪಿನಲ್ಲಿ ಕೇಳಿದವರಿಗೆ, ಇಲ್ಲ, ಈಗ ಸ್ವತಂತ್ರಳು, ಇದರಿಂದಲೇ ದೇವರ ಮಗಳೂ ಆದೆನೆಂಬ ನಂಬಿಕೆಯಿದೆ ಎಂದಳಂತೆ.

ಈ ಯಜಮಾನರು ಗುಲಾಮರನ್ನು ಸೊತ್ತು ಎಂದು ಲೆಕ್ಕಕ್ಕೆ ಬರೆದವರು. ಹಿಡಿಯಬೇಕಾದಾಗ ಮಾತ್ರ, ಇವನು ಪಿಟೀಲು ಬಾರಿಸುತ್ತಾನೆ, ಓದಬಲ್ಲ, ಹೆಂಡತಿಯನ್ನು ಕಾಣಲು ಹೋಗಿರಬಹುದು ಎಂದು ಬರೆಯಬೇಕಾಯಿತು. ಬಾಸುಂಡೆಯ ಗುರುತುಗಳನ್ನೂ ನಾಚಿಕೆಯಿಲ್ಲದೆ ಬರೆದರು. ಥಿಯೋಡರ್ ವೆಲ್ಡ್ ಮತ್ತು ಗ್ರಿಮ್ಕೆ ಸೋದರಿಯರು ಅಂಥ ಪ್ರಕಟಣೆಗಳನ್ನೇ ಕಲೆಹಾಕಿ 1839ರಲ್ಲಿ ಗುಲಾಮಗಿರಿಯ ವಿರುದ್ಧ ಸಾಕ್ಷಿಯಾಗಿ ಅಚ್ಚುಹಾಕಿದರು.

ಧರ್ಮಸಭೆಯ ಮಾತೇನು? 1839ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮ ವ್ಯಾಪಾರವನ್ನು ಖಂಡಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು 272 ಗುಲಾಮರನ್ನು ಮಾರಿದ್ದರು. ಸ್ಮರಣೆಯ ದಿನ ಇದನ್ನು ಹೇಳಬೇಕೇ? ಹೇಳಲೇಬೇಕು.

ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರವೂ ಬಿಟ್ಟುಹೋದ ಗುಲಾಮನ ಕುರಿತದ್ದೇ. ಪೌಲರು ಒನೇಸಿಮನನ್ನು ಹಿಂದಕ್ಕೆ ಕಳುಹಿಸಿದ್ದನ್ನೇ ಹಿಡಿದುಕೊಂಡು ಅಮೆರಿಕದ ಕೆಲವು ಬೋಧಕರು, ಓಡಿದವರನ್ನು ಒಪ್ಪಿಸುವುದು ಧರ್ಮವೆಂದು ಸಾರಿದರು. ಅವರು ಪತ್ರವನ್ನು ಪೂರ್ತಿ ಓದಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅದರಲ್ಲಿ ಒನೇಸಿಮನ ಎತ್ತರವಿಲ್ಲ, ಗಾಯದ ಗುರುತಿಲ್ಲ. ನನ್ನ ಮಗ, ನನ್ನ ಹೃದಯವೇ ಎನ್ನುತ್ತಾರೆ ಪೌಲರು; ಗುಲಾಮನಾಗಿ ಅಲ್ಲ, ಸೋದರನಾಗಿ ಸ್ವೀಕರಿಸು ಎನ್ನುತ್ತಾರೆ. ಪ್ರಕಟಣೆಯಲ್ಲಿ ತಂದೊಪ್ಪಿಸಿದವನಿಗೆ ಯಜಮಾನ ಹಣ ಕೊಡುತ್ತಿದ್ದ. ಇಲ್ಲಿ ಸಾಲವಿದ್ದರೆ ನಾನೇ ತೀರಿಸುತ್ತೇನೆಂದು ಕಳುಹಿಸುವವರೇ ಬರೆದುಕೊಡುತ್ತಾರೆ.

ಗುಲಾಮಗಿರಿ 1865ರಲ್ಲಿ ರದ್ದಾದ ಮೇಲೆ ಪ್ರಕಟಣೆ ಕೊಡುವ ಸರದಿ ಬಿಡುಗಡೆಯಾದವರದು. ಮಾರಿಹೋದ ತಾಯಿ, ತಮ್ಮ, ಮಗಳನ್ನು ಅವರು ಹುಡುಕತೊಡಗಿದರು. ನ್ಯೂ ಆರ್ಲಿಯನ್ಸಿನ ಒಂದು ಕ್ರೈಸ್ತ ಪತ್ರಿಕೆ ಇಂಥ ಪತ್ರಗಳಿಗೆಂದೇ ಅಂಕಣ ನಡೆಸಿ, ಪಾದ್ರಿಗಳು ಇವನ್ನು ದೇವಾಲಯದ ಪೀಠದಿಂದ ಓದಿ ಹೇಳಬೇಕೆಂದು ಕೋರುತ್ತಿತ್ತು.

ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಾವೂ ಕೆಲವು ಹೆಸರುಗಳನ್ನು ಓದುತ್ತೇವೆ: ಸ್ಯಾಂಡಿ, ಓನಾ, ಒನೇಸಿಮ. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಯಲ್ಲಾಪುರ, ಹಳಿಯಾಳದ ಕಾಡು ಸೇರಿದ ಸಿದ್ದಿ ಸಮುದಾಯದ ಹಿರಿಯರ ಹೆಸರುಗಳು ನಮ್ಮಲ್ಲಿಲ್ಲ. ಅವರಿಗಾಗಿ ಒಂದು ಕ್ಷಣ ಮೌನವಾಗಿರುತ್ತೇವೆ. ಎಲ್ಲರೂ ಎದ್ದು ನಿಲ್ಲೋಣ.