ಮೂತ್ರದಲ್ಲಿ ಪಿತ್ತಾಮ್ಲ: ಯಕೃತ್ತಿನ ಪರೀಕ್ಷೆ

ಗಂಗೆಯ ಬಯಲಿನಲ್ಲಿ, ವಾರಾಣಸಿಯೂ ಸೇರಿದಂತೆ, ಪಿತ್ತಕೋಶದ ಕ್ಯಾನ್ಸರ್ ದಕ್ಷಿಣ ಭಾರತಕ್ಕಿಂತ ಬಹಳ ಹೆಚ್ಚು. ಅಲ್ಲಿ ಅನೇಕ ರೋಗಿಗಳು ವೈದ್ಯರ ಬಳಿಗೆ ಬರುವುದು ಕಣ್ಣು ಹಳದಿಯಾದ ಮೇಲೆಯೇ. ಆಗ ಮೊದಲು ತಿಳಿಯಬೇಕಾದದ್ದು, ಈ ಕಾಮಾಲೆ ಪಿತ್ತದ ಹಾದಿ ಕಟ್ಟಿದ್ದರಿಂದ ಬಂದುದೇ ಎಂಬುದು. ಉತ್ತರದ ಒಂದು ಭಾಗ ಮೂತ್ರದಲ್ಲಿ ದೊರೆಯುತ್ತದೆ.

ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಆಹಾರದ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಒದಗಿಸುವುದು ಇವುಗಳ ಕೆಲಸ. ಬಳಿಕ ನೂರಕ್ಕೆ ಸುಮಾರು 95 ಭಾಗ ಕರುಳಿನಿಂದ ಹೀರಲ್ಪಟ್ಟು ಯಕೃತ್ತಿಗೇ ಮರಳುತ್ತದೆ. ಆದುದರಿಂದ ಆರೋಗ್ಯವಂತರ ಮೂತ್ರದಲ್ಲಿ ಇವು ಅತ್ಯಲ್ಪ. ಹಾದಿ ಕಟ್ಟಿದಾಗ, ಅಥವಾ ಯಕೃತ್ತಿನ ಕೋಶಗಳು ಕೆಟ್ಟಾಗ, ಇವು ರಕ್ತದಲ್ಲಿ ಹೆಚ್ಚಿ ಮೂತ್ರಕ್ಕೆ ಇಳಿಯುತ್ತವೆ. ಕೆಂಪು ರಕ್ತಕಣಗಳು ಒಡೆದು ಬರುವ ಕಾಮಾಲೆಯಲ್ಲಿ ಮಾತ್ರ ಹೀಗಾಗುವುದಿಲ್ಲ.

ಸಣ್ಣ ಪ್ರಯೋಗಾಲಯದಲ್ಲೂ ಮಾಡಬಹುದಾದ ಹಳೆಯ ಪರೀಕ್ಷೆಯೊಂದಿದೆ. ತಣ್ಣಗಾದ ಮೂತ್ರದ ಮೇಲೆ ಗಂಧಕದ ಪುಡಿಯನ್ನು ಉದುರಿಸುತ್ತಾರೆ. ಪುಡಿ ತೇಲಿದರೆ ಪಿತ್ತಲವಣವಿಲ್ಲ, ಮುಳುಗಿದರೆ ಇದೆ. ಪಿತ್ತಲವಣವು ದ್ರವದ ಮೇಲ್ಮೈ ಸೆಳೆತವನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಸಾಬೂನಿಗೂ ಇದೇ ಗುಣವಿದೆ; ಸೀಸೆಯನ್ನು ಸರಿಯಾಗಿ ತೊಳೆಯದಿದ್ದರೆ ಆರೋಗ್ಯವಂತನೂ ರೋಗಿಯಾಗಿ ಕಂಡಾನು! ಪ್ರಮಾಣವನ್ನು ನಿಖರವಾಗಿ ಅಳೆಯಲು ಇಂದು ಕಿಣ್ವಗಳನ್ನು ಬಳಸುವ ವಿಧಾನಗಳಿವೆ. ಸೂಜಿ ಚುಚ್ಚದೆ ಮಾದರಿ ದೊರೆಯುವುದರಿಂದ ಶಿಶುಗಳಿಗೆ ಇವು ವಿಶೇಷ ಅನುಕೂಲ.

ಆದರೆ ಮೂತ್ರವು ಯಕೃತ್ತು ತೊಂದರೆಯಲ್ಲಿದೆ ಎಂದಷ್ಟೇ ಹೇಳುತ್ತದೆ. ಕಲ್ಲೇ, ಗಡ್ಡೆಯೇ, ಸೋಂಕೇ ಎಂಬುದನ್ನು ಹೇಳದು. ಅದಕ್ಕೆ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಪರೀಕ್ಷೆಗಳು ಅನಿವಾರ್ಯ.

ವಾರಾಣಸಿಯ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಬೋಧಿಸಲಾಗುತ್ತದೆ. ಮೂತ್ರದ ಮೇಲೆ ಎಣ್ಣೆಯ ಹನಿಯನ್ನು ಬಿಟ್ಟು ನೋಡುವ ತೈಲಬಿಂದು ಪರೀಕ್ಷೆಯನ್ನು ಆಯುರ್ವೇದ ಬಲ್ಲದು. ಅದೂ ಗಂಧಕದ ಪರೀಕ್ಷೆಯೂ ಒಂದೇ ಎನ್ನುವುದು ಅವಸರದ ಮಾತಾದೀತು. ಆದರೆ ಚರಕಸಂಹಿತೆಯ ಒಂದು ಗಮನಿಕೆ ಇಂದಿಗೂ ನಿಲ್ಲುತ್ತದೆ: ಹಾದಿ ಕಟ್ಟಿದ ಕಾಮಾಲೆಯಲ್ಲಿ ಮಲವು ಅರೆದ ಎಳ್ಳಿನಂತೆ ಬಿಳಿಚಿಕೊಳ್ಳುತ್ತದೆ.

ತಾಯಂದಿರು ಮನೆಯಲ್ಲೇ ಗುರುತಿಸಬಹುದಾದ ಲಕ್ಷಣವಿದು. ಹುಟ್ಟಿದ ಎರಡು ವಾರಗಳ ನಂತರವೂ ಕಾಮಾಲೆ ಉಳಿದು, ಮಲ ಬಿಳಿಚಿ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಎಳೆಬಿಸಿಲಿಗೆ ಹಿಡಿಯುತ್ತ, ಮಂತ್ರ ಹಾಕಿಸುತ್ತ ದಿನ ಕಳೆಯಬಾರದು. ಶಿಶುವಿನ ಪಿತ್ತನಾಳವೇ ಮುಚ್ಚಿಹೋಗಿದ್ದರೆ ಮಾಡುವ ಶಸ್ತ್ರಚಿಕಿತ್ಸೆ 60 ದಿನಗಳೊಳಗೆ ನಡೆದಾಗಲೇ ಹೆಚ್ಚು ಫಲಕಾರಿ.