ಆಕಾಶದ ನೆರಿಗೆ



ಶಿವಮೊಗ್ಗದ ದುರ್ಗಿಗುಡಿಯ ಬಟ್ಟೆ ಅಂಗಡಿಯಲ್ಲಿ ತೆಳುವಾದ ವಾಯಿಲ್ ಸೀರೆಯನ್ನು ಬಿಚ್ಚಿ ಹಿಡಿದಾಗ ಗಮನಿಸಿದ್ದೀರಾ? ಹರಡಿದ ಕಡೆ ಬಟ್ಟೆ ಇದೆಯೋ ಇಲ್ಲವೋ ಅನ್ನಿಸುತ್ತದೆ, ಆಚೆಯ ಬೆಳಕೆಲ್ಲ ಕಾಣುತ್ತದೆ. ನೆರಿಗೆ ಬಿದ್ದ ಕಡೆ ಮಾತ್ರ ಬಣ್ಣ ದಟ್ಟವಾಗಿ ಗೆರೆ ಎಳೆದಂತಿರುತ್ತದೆ. ಬಟ್ಟೆ ಅದೇ, ನಾವು ಅದನ್ನು ಅಂಚಿನಿಂದ ನೋಡುತ್ತಿದ್ದೇವೆ, ಅಷ್ಟೆ.

ರಾಜಹಂಸ ನಕ್ಷತ್ರಪುಂಜದಲ್ಲಿ ಇಂಥದೇ ಒಂದು ಬಟ್ಟೆ ಹರಡಿಕೊಂಡಿದೆ. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಸಿಡಿದ ನಕ್ಷತ್ರವೊಂದರ ಅವಶೇಷ ಅದು. ನಮ್ಮಿಂದ ಸುಮಾರು 2400 ಜ್ಯೋತಿರ್ವರ್ಷ ದೂರ. ಆಕಾಶದಲ್ಲಿ ಅದರ ಅಗಲ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. 1784ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಅದನ್ನು ಮೊದಲು ಕಂಡರು. ಇಂಗ್ಲಿಷಿನಲ್ಲಿ ಅದಕ್ಕೆ ವೇಲ್, ಅಂದರೆ ಮುಸುಕು, ಎಂದು ಹೆಸರು. ಸೆರಗು ಎಂದರೆ ನನಗೆ ಇನ್ನೂ ಒಪ್ಪುತ್ತದೆ.

ಚಿತ್ರಗಳಲ್ಲಿ ಅದು ಕೆಂಪು, ನೀಲಿ-ಹಸಿರು ದಾರಗಳ ಸಿಕ್ಕಿನಂತೆ ಕಾಣುತ್ತದೆ. ಕೆಂಪು ಬಹುಪಾಲು ಜಲಜನಕದ್ದು, ನೀಲಿ-ಹಸಿರು ಆಮ್ಲಜನಕದ್ದು. ಆದರೆ ಅವುಗಳಲ್ಲಿ ಹೆಚ್ಚಿನವು ದಾರಗಳೇ ಅಲ್ಲ. ಸ್ಫೋಟದ ಅಲೆ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ನುಗ್ಗಿ, ದಾರಿಯಲ್ಲಿ ಸಿಕ್ಕ ಅನಿಲವನ್ನು ಕಾಯಿಸುತ್ತದೆ. ಹಾಗೆ ಹೊಳೆಯುವ ಅನಿಲ ತೆಳುವಾದ ಹಾಳೆಯಂತೆ ಇರುತ್ತದೆ. ಎದುರಿನ ಅನಿಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಲ್ಲ. ದಟ್ಟವಾದಲ್ಲಿ ಅಲೆ ನಿಧಾನವಾಗುತ್ತದೆ, ವಿರಳವಾದಲ್ಲಿ ಮುಂದೋಡುತ್ತದೆ. ಹಾಳೆ ಸುಕ್ಕುಗಟ್ಟುತ್ತದೆ. ಆ ಸುಕ್ಕು ನಮಗೆ ಅಂಚಿನಿಂದ ಕಾಣುವ ಕಡೆ ಬೆಳಕು ಒಟ್ಟುಗೂಡಿ ಎಳೆಯಾಗಿ ತೋರುತ್ತದೆ. ಒಂದು ಎಳೆ ದಪ್ಪ, ಇನ್ನೊಂದು ಕೂದಲಿನಷ್ಟು ಸಣ್ಣ, ಮತ್ತೊಂದು ನಡುವೆ ಕಡಿದಂತೆ. ಆ ಏರುಪೇರನ್ನು ಓದಿದರೆ ನಕ್ಷತ್ರ ಸಿಡಿಯುವ ಮೊದಲು ಸುತ್ತಲಿನ ಆಕಾಶ ಹೇಗಿತ್ತೆಂಬುದು ತಿಳಿಯುತ್ತದೆ. ಎಲ್ಲ ನುಣುಪಾಗಿದ್ದಿದ್ದರೆ ನಮಗೆ ಇಷ್ಟು ತಿಳಿಯುತ್ತಿರಲಿಲ್ಲ.

ನಮ್ಮ ಗೌರಿಬಿದನೂರಿನಿಂದಲೂ ಈ ಅವಶೇಷವನ್ನು ಓದಿದ್ದಾರೆ. ಅಲ್ಲಿನ ಬಯಲಿನಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ದರು. ರೇಡಿಯೋ ಕಾರ್ಯಕ್ರಮಗಳನ್ನು ಹೊತ್ತು ತರುವ ಅಲೆಗಳ ಬಳಗಕ್ಕೇ ಸೇರಿದ, 34.5 ಮೆಗಾಹರ್ಟ್ಸ್‌ನ ಅಲೆಗಳನ್ನು ಹಿಡಿದು, ವಿಜ್ಞಾನಿಗಳಾದ ಶಾಸ್ತ್ರಿ, ದ್ವಾರಕಾನಾಥ್, ಶೆವಗಾಂವ್‌ಕರ್ ಈ ಅವಶೇಷದ ರಚನೆಯನ್ನು 1981ರಲ್ಲಿ ಪ್ರಕಟಿಸಿದರು. ಆ ಆಂಟೆನಾಗಳ ಸಾಲು ಬೆಂಗಳೂರಿನ ಎರಡು ಸಂಸ್ಥೆಗಳು ಸೇರಿ ಕಟ್ಟಿದ ರೇಡಿಯೋ ದೂರದರ್ಶಕ. ಕನ್ನಡ ನೆಲದಲ್ಲಿ ನಿಂತು ಅಷ್ಟು ಹಳೆಯ ಸ್ಫೋಟಕ್ಕೆ ಕಿವಿಗೊಟ್ಟರಲ್ಲ, ಅದು ನನಗೆ ದೊಡ್ಡ ಸಂಗತಿ.

ಮೇ ತಿಂಗಳ ನಡುವೆ, ಮಳೆಗಾಲಕ್ಕೆ ಮುಂಚೆ, ಒಂದು ದಿನ ನಾಲ್ಕೂವರೆಗೆ ಎದ್ದು ಮಹಡಿ ಹತ್ತಿ. ನೆತ್ತಿಯಿಂದ ತುಸು ಉತ್ತರಕ್ಕೆ ಶಿಲುಬೆಯಂತೆ ರಾಜಹಂಸ ಕಾಣುತ್ತದೆ. ಅದರ ಒಂದು ರೆಕ್ಕೆಯ ಪಕ್ಕದಲ್ಲೇ ಆ ಸೆರಗು. ಬರಿಗಣ್ಣಿಗೆ ಕಾಣದು. ಅದರ ಅಲೆ ಮಾತ್ರ ಇವತ್ತಿಗೂ ಹರಡುತ್ತಲೇ ಇದೆ.